ಬೀರೂರು ದಾಟಿದ ಮೇಲೆ ಜೊತೆ ಯಾರು?

ರಜೆಗೆ ಹೊರಡುವ ಸಂಭ್ರಮವನ್ನು ಬಣ್ಣಿಸಿದವರು ಅನೇಕರಿದ್ದಾರೆ. ಹಿಂದಿನ ರಾತ್ರಿ ಕರಿದಿಟ್ಟ ಚಕ್ಕುಲಿ ಕೋಡುಬಳೆಗಳ ಡಬ್ಬಿ, ಕೋಳಿ ಕೂಗುವ ಮೊದಲೇ ಎದ್ದು ಕುಳಿತ ಮಕ್ಕಳು, ಗಾಡಿಗೆ ಒಂದು ಗಂಟೆ ಮುಂಚಿತವಾಗಿಯೇ ನಿಲ್ದಾಣಕ್ಕೆ ಹೋಗಿ ನಿಂತ ಮನೆಯ ಯಜಮಾನರು, ಇವೆಲ್ಲ ನಮಗೆ ಪರಿಚಿತ ಚಿತ್ರಗಳೇ. ಆದರೆ ರಜೆ ಮುಗಿಸಿ ಹಿಂದಿರುಗುವ ದಾರಿಯ ವಿಷಯವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಕೈಯಲ್ಲಿದ್ದ ಹಣ ಕರಗಿರುತ್ತದೆ, ಬಟ್ಟೆಗಳು ಮಾಸಿರುತ್ತವೆ, ಹೋಗುವಾಗ ಬಾಯಿತುಂಬ ಮಾತನಾಡುತ್ತಿದ್ದವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿರುತ್ತಾರೆ. ಒಂದೇ ಗುಂಪಾಗಿ ಹೊರಟವರು ಒಬ್ಬೊಬ್ಬರಾಗಿ ತಮ್ಮ ತಮ್ಮ ನಿಲ್ದಾಣಗಳಲ್ಲಿ ಇಳಿದು ಚದುರಿಹೋಗುತ್ತಾರೆ. ಜೊತೆಯೆಂಬುದು ನಿಜವಾಗಿ ಬೇಕಾಗುವುದು ಆ ಹೊತ್ತಿನಲ್ಲಿಯೇ ಎಂಬುದು ಈ ಲೇಖಕನ ನಂಬಿಕೆ.

ಶುಭಸಂದೇಶಗಳನ್ನು ಓದುವವರು ಗಮನಿಸಿರಬಹುದು: ಬಾಲಯೇಸು ತಪ್ಪಿಹೋದದ್ದು ಜೆರುಸಲೇಮಿಗೆ ಹೋಗುವ ದಾರಿಯಲ್ಲಿ ಅಲ್ಲ. ಪಾಸ್ಕ ಹಬ್ಬವೆಲ್ಲ ಸುಸೂತ್ರವಾಗಿ ಮುಗಿದು, ಜನರು ಊರಿಗೆ ಹಿಂದಿರುಗುವಾಗಲೇ ಆ ಸಂಗತಿ ನಡೆಯಿತು. ಗುಂಪಿನಲ್ಲಿ ಯಾರ ಜೊತೆಯಲ್ಲೋ ಇದ್ದಾನೆಂದು ಮರಿಯಮ್ಮನವರೂ ಜೋಸೆಫರೂ ಒಂದು ಇಡೀ ದಿನದ ದಾರಿ ನಡೆದಿದ್ದರೆಂದು ಸಂತ ಲೂಕರು ಬರೆಯುತ್ತಾರೆ. ನೆಂಟರಿಷ್ಟರಲ್ಲಿ ಹುಡುಕಿದರು, ಸಿಗಲಿಲ್ಲ. ಮೂರನೆಯ ದಿನಕ್ಕೆ ಸಿಕ್ಕಿದನು. 'ಯಾರ ಜೊತೆಯಲ್ಲೋ ಇದ್ದಾನೆ' ಎಂಬ ಆ ಊಹೆ ಎಷ್ಟು ಸಹಜವಾದುದು! ದೊಡ್ಡ ಗುಂಪಿನಲ್ಲಿ ಎಲ್ಲರೂ ಎಲ್ಲರ ಜೊತೆಯವರೇ. ಆದ್ದರಿಂದಲೇ ಯಾರೂ ಯಾರೊಬ್ಬರ ಜೊತೆಯೂ ಅಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರಾದ ನಮಗೆ ಇದೇ ಮಾತನ್ನು ರೈಲುಹಳಿ ಬೇರೊಂದು ರೀತಿಯಲ್ಲಿ ತಿಳಿಸುತ್ತದೆ. ಬೆಂಗಳೂರಿನಿಂದ ಊರಿಗೆ ಮರಳುವವರು ತುಮಕೂರು, ತಿಪಟೂರು, ಅರಸೀಕೆರೆಗಳನ್ನು ಒಂದೇ ಗಾಡಿಯಲ್ಲಿ ಕುಳಿತು ದಾಟುತ್ತಾರೆ. ಕಡೂರಿನಲ್ಲಿ ಮೊದಲನೆಯ ಅಗಲಿಕೆ. 2013ರಲ್ಲಿ ತೆರೆದ ಹೊಸ ಮಾರ್ಗ ಅಲ್ಲಿಂದ ಚಿಕ್ಕಮಗಳೂರಿಗೆ ಹೋಗುತ್ತದೆ. ಅಲ್ಲಿಂದ ಆರೇಳು ಕಿಲೋಮೀಟರ್ ಮುಂದೆ, ಬೀರೂರಿನಲ್ಲಿ ಎರಡನೆಯ ಅಗಲಿಕೆ. ಹಳಿ ಅಲ್ಲಿ ಎರಡಾಗಿ ಕವಲೊಡೆದು ಒಂದು ಅಜ್ಜಂಪುರ, ಹೊಸದುರ್ಗ ರೋಡ್, ಚಿಕ್ಕಜಾಜೂರುಗಳ ಮೂಲಕ ದಾವಣಗೆರೆಯ ಕಡೆಗೂ, ಇನ್ನೊಂದು ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗದ ಕಡೆಗೂ ಸಾಗುತ್ತವೆ. ಹರಿಹರದವರೆಗಿನ ಮಾರ್ಗ 1889ರಲ್ಲಿಯೂ ಶಿವಮೊಗ್ಗದ ಕವಲು 1899ರಲ್ಲಿಯೂ ಬಂದವು. ಅಂದಿನಿಂದ ಇಂದಿನವರೆಗೆ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿದೆ, ಕಲ್ಲಿದ್ದಲ ಹೊಗೆ ಹೋಗಿ ವಿದ್ಯುತ್ ತಂತಿ ಬಂದಿದೆ. ಆದರೆ ತರೀಕೆರೆಯವರೂ ಅಜ್ಜಂಪುರದವರೂ ಒಬ್ಬರಿಗೊಬ್ಬರು ಕೈಬೀಸಿ ಬೇರೆಯಾಗುವ ಸ್ಥಳ ಮಾತ್ರ ಬದಲಾಗಿಲ್ಲ. ಇನ್ನೊಂದು ವಿಚಿತ್ರವೆಂದರೆ, 1963ರಲ್ಲಿ ಸ್ಥಾಪಿತವಾದ ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯದಿಂದ 1988ರಲ್ಲಿ ಶಿವಮೊಗ್ಗ ಬೇರೆಯಾದ ಮೇಲೆ, ಬೀರೂರಿನಲ್ಲಿ ಅಗಲುವ ಈ ಎರಡೂ ಕವಲುಗಳು ಮುಂದೆ ಹೋಗಿ ಸೇರುವುದು ಆ ಒಂದೇ ಧರ್ಮಪ್ರಾಂತ್ಯವನ್ನು!

'ಜೊತೆ ಮಾಡಿ ಕಳಿಸುವುದು' ಎಂಬ ಮಾತು ನಮ್ಮ ಕಡೆ ಹಳೆಯದು. ಏಪ್ರಿಲ್ ಮೇ ತಿಂಗಳುಗಳನ್ನು ಅಜ್ಜಿಯ ಮನೆಯಲ್ಲಿ ಕಳೆದ ಮಕ್ಕಳನ್ನು ಶಾಲೆ ತೆರೆಯುವ ಹೊತ್ತಿಗೆ ಹಿಂದಕ್ಕೆ ಕಳಿಸಬೇಕು. ತಂದೆಗೆ ಕೆಲಸ ಬಿಟ್ಟು ಬರಲು ಸಾಧ್ಯವಿಲ್ಲ, ಅಜ್ಜನಿಗೆ ಮೊಣಕಾಲು ನೋವು. ಆಗ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಒಂದು ವಿಚಾರಣೆ ನಡೆಯುತ್ತಿತ್ತು: ಈ ವಾರ ಬೆಂಗಳೂರಿಗೋ ಮೈಸೂರಿಗೋ ಹೋಗುವವರು ನಮ್ಮವರಲ್ಲಿ ಯಾರಾದರೂ ಇದ್ದಾರೆಯೆ? ಯಾರಾದರೂ ಸಿಕ್ಕಿದರೆ, ಇಂಥ ದಿನ ಇಂಥ ಗಾಡಿಯಲ್ಲಿ ಇಂಥವರ ಜೊತೆ ಮಾಡಿ ಕಳಿಸುತ್ತಿದ್ದೇನೆಂದು ಒಂದು ಕಾರ್ಡು ಬರೆದು ಹಾಕಿದರೆ ಕೆಲಸ ಮುಗಿಯಿತು. ಮಗುವಿನ ಕೈಗೆ ಒಂದು ಚೀಲ, ಜೊತೆಗಾರನ ಕೈಗೆ ಮಗುವಿನ ಟಿಕೆಟ್ಟು, ಹಾಗೂ ದಾರಿಯಲ್ಲಿ ಕಾಫಿ ತಿಂಡಿಗೆಂದು ಸಂಕೋಚದಿಂದ ನೀಡಿದ ಒಂದಿಷ್ಟು ಚಿಲ್ಲರೆ. ಮಕ್ಕಳ ಮೌನ ಮುರಿಯಲು ಜೊತೆಗಾರರಿಗೆ ನಮ್ಮ ಸೀಮೆಯೇ ಒದಗಿಸಿದ ಸಾಧನವೊಂದಿತ್ತು. ತರೀಕೆರೆಯ ಏರಿಯ ಮೇಲಿನ ಕುರಿಮರಿಗಳನ್ನು ಕುರಿತ ಆ ನಾಲಿಗೆ ತೊಡರುವ ಮಾತನ್ನು ತಪ್ಪಿಲ್ಲದೆ ಮೂರು ಸಲ ಹೇಳಿದವರಿಗೆ ಕಡಲೆಕಾಯಿ! ಅರಸೀಕೆರೆಯವರೆಗೆ ಅಳುತ್ತಿದ್ದ ಮಗು ಅದನ್ನು ಹೇಳುತ್ತ ಹೇಳುತ್ತ ನಗತೊಡಗುತ್ತಿತ್ತು.

ಮಲೆನಾಡಿನ ಹುಡುಗರು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಅವರಿಗೂ ಇದೇ ಹಳಿ. ಕುವೆಂಪು ಅವರೂ ವಿದ್ಯಾರ್ಥಿದೆಸೆಯಲ್ಲಿ ರಜೆಗೆ ಊರಿಗೆ ಬಂದು ಹೋಗುತ್ತಿದ್ದುದು ಶಿವಮೊಗ್ಗದ ರೈಲಿನಿಂದಲೇ. ಕುಪ್ಪಳಿಯಿಂದ ಶಿವಮೊಗ್ಗದವರೆಗಿನ ಕಾಡುದಾರಿಯೇ ಒಂದು ಪ್ರಯಾಣ, ಆಮೇಲೆ ರೈಲು. ಅಂದಿನ ವಿದ್ಯಾರ್ಥಿಗಳು ಕೂಡಿಯೇ ಹೊರಡುತ್ತಿದ್ದುದು ಬರಿಯ ಸ್ನೇಹಕ್ಕಾಗಿ ಅಲ್ಲ, ದಾರಿಯ ದೆಸೆಯಿಂದ.

ಇಂದು ಮಗುವನ್ನು ಅಪರಿಚಿತರ ಕೈಗೆ ಒಪ್ಪಿಸುವುದು ತರವಲ್ಲ. ಅದರ ಬಗ್ಗೆ ಎರಡು ಮಾತಿಲ್ಲ. ಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಎಚ್ಚರಗೊಂಡಿದ್ದಾರೆ, ಒಳ್ಳೆಯದೇ ಆಯಿತು. ಆದರೆ ಈ ಹಿಂದಿರುಗುವ ದಾರಿಯಲ್ಲಿ ಈಗ ಒಂಟಿಯಾಗಿ ಕಾಣಸಿಗುವವರು ಮಕ್ಕಳಲ್ಲ, ಅವರ ಅಜ್ಜ ಅಜ್ಜಿಯರು. ಮೊದಲು ಮೊಮ್ಮಕ್ಕಳು ರಜೆಗೆ ಊರಿಗೆ ಬರುತ್ತಿದ್ದರು. ಈಗ ಅಜ್ಜ ಅಜ್ಜಿಯರೇ ಬೆಂಗಳೂರಿನ ಮಕ್ಕಳ ಮನೆಗೆ ರಜೆಗೆ ಹೋಗುತ್ತಾರೆ. ಕರೆದೊಯ್ಯಲು ಮಗ ಕಾರು ತರುತ್ತಾನೆ. ತಿಂಗಳೊಪ್ಪತ್ತು ಕಳೆದು ಹಿಂದಿರುಗುವ ಹೊತ್ತಿಗೆ ಮಗನಿಗೆ ಕಚೇರಿ, ಸೊಸೆಗೆ ಕಚೇರಿ, ಮೊಮ್ಮಕ್ಕಳಿಗೆ ಶಾಲೆ. ರೈಲಿನಲ್ಲಿ ಆಸನ ಕಾದಿರಿಸಿ, ಬೋಗಿಯವರೆಗೆ ಬಂದು ಕೂರಿಸಿ, ನೀರಿನ ಬಾಟಲಿ ಕೊಟ್ಟು, ತಲುಪಿದ ಕೂಡಲೆ ಫೋನ್ ಮಾಡುವಂತೆ ಹೇಳಿ ಕಳಿಸುತ್ತಾರೆ. ಇದರಲ್ಲಿ ಮಕ್ಕಳ ಪ್ರೀತಿಗೇನೂ ಕೊರತೆಯಿಲ್ಲ. ಕರೆದುಕೊಂಡು ಹೋಗುವುದಕ್ಕೆ ದೊರೆತಷ್ಟು ಸಮಯ ಕರೆತಂದು ಬಿಡುವುದಕ್ಕೆ ದೊರೆಯುವುದಿಲ್ಲ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಕೊನೆಯಲ್ಲಿ ಅಂಥ ಒಬ್ಬರ ಜೊತೆಯಲ್ಲಿ ಪ್ರಯಾಣ ಮಾಡುವ ಸಂದರ್ಭ ನನಗೆ ಒದಗಿತು. ಅವರು ಅಜ್ಜಂಪುರದ ಕಡೆ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದವರು. ಹಿಂದಿನ ಚಳಿಗಾಲದಲ್ಲಿ ಪತ್ನಿ ತೀರಿಕೊಂಡಿದ್ದರು. ಬೇಸಗೆಯಲ್ಲಿ ಮಗ ಬಂದು ಬೆಂಗಳೂರಿಗೆ ಕರೆದೊಯ್ದಿದ್ದ. ನಲವತ್ತು ದಿನ ಇದ್ದು ಹಿಂದಿರುಗುತ್ತಿದ್ದರು. ನಾನು ಬೆಂಗಳೂರಿನಿಂದ ತರೀಕೆರೆಗೆ ಮರಳುವವನಿದ್ದೇನೆಂದು ತಿಳಿದು ಮಗನೇ ಫೋನ್ ಮಾಡಿ, ಬೀರೂರಿನವರೆಗೆ ಅಪ್ಪನಿಗೆ ಜೊತೆಯಾಗಬೇಕೆಂದು ಕೇಳಿಕೊಂಡ. ಬೆಳಗಿನ ಶಿವಮೊಗ್ಗ ಗಾಡಿ. ಮೇಷ್ಟರ ಕೈಯಲ್ಲಿ ಒಂದು ಬಟ್ಟೆಯ ಚೀಲ, ಮಡಿಲಲ್ಲಿ ಒಂದು ಹೊಸ ರಟ್ಟಿನ ಪೆಟ್ಟಿಗೆ. ಅದರಲ್ಲಿ ಸೊಸೆ ಕೊಡಿಸಿದ ಕುಕ್ಕರ್ ಇತ್ತು; ಒಬ್ಬರಿಗೆ ಸಾಕಾಗುವಂಥ ಎರಡು ಲೀಟರಿನದು. ಮೇಲೆ ಸಾಮಾನಿಡುವ ಅಟ್ಟದಲ್ಲಿ ಇಡೋಣವೆಂದರೆ ಒಪ್ಪಲಿಲ್ಲ.

ತಿಪಟೂರು ದಾಟುವವರೆಗೆ ಅವರ ಮಾತು ನಿಲ್ಲಲೇ ಇಲ್ಲ. ಮೊಮ್ಮಗಳು ಕನ್ನಡ ಅಕ್ಷರಗಳನ್ನು ಬರೆಯಲು ಕಲಿತದ್ದು, 'ಳ' ಅಕ್ಷರವನ್ನು ಬಸವನಹುಳುವಿನಂತೆ ಸುತ್ತಿದ್ದು, ಮಹಡಿಯ ಮನೆಯಲ್ಲಿ ಬೆಳಗಾದದ್ದು ತಿಳಿಯದೆ ಹೋಗುವುದು, ಎಲ್ಲವನ್ನೂ ಹೇಳಿದರು. ಅರಸೀಕೆರೆಯಲ್ಲಿ ಕಾಫಿ ಕುಡಿದೆವು. ಅಲ್ಲಿಂದ ಮುಂದೆ ತೆಂಗಿನ ತೋಟಗಳು ತೆಳುವಾಗುತ್ತ, ಬಯಲು ಅಗಲವಾಗುತ್ತ ಬಂದಂತೆ ಅವರ ಮಾತೂ ತೆಳುವಾಯಿತು. ಕಡೂರಿನ ಹೊತ್ತಿಗೆ ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಯ ಸಾಲು ಕಾಣಿಸಿತು. ಮೇಷ್ಟರು ಅದನ್ನೇ ನೋಡುತ್ತ ಕುಳಿತರು. ಊರು ಸಮೀಪಿಸಿದಾಗ ಮುಖ ಅರಳಬೇಕು, ಅವರದು ಅರಳಲಿಲ್ಲ.

ಬೀರೂರಿನಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. "ಇಲ್ಲಿಂದ ನಾನು ಹೋಗ್ತೀನಪ್ಪ. ನೀನು ಇದೇ ಗಾಡೀಲಿ ಮುಂದಕ್ಕೆ ಹೋಗು, ಸುಮ್ಮನೆ ಟಿಕೆಟ್ಟು ಯಾಕೆ ಹಾಳು ಮಾಡ್ಕೋತೀಯ" ಎಂದರು. ಅವರ ದನಿ ಕೇಳಿದ ಮೇಲೆ ಗಾಡಿಯಲ್ಲಿ ಕುಳಿತಿರಲು ನನಗೆ ಮನಸ್ಸಾಗಲಿಲ್ಲ. ನಾನೂ ಇಳಿದೆ. "ಅಜ್ಜಂಪುರದಿಂದ ತರೀಕೆರೆಗೆ ಬಸ್ಸು ಇದ್ದೇ ಇದೆಯಲ್ಲ ಮೇಷ್ಟ್ರೇ, ಆ ಕಡೆಯಿಂದಲೇ ಹೋಗ್ತೀನಿ" ಎಂದೆ. ಅದು ಸುಳ್ಳೇನೂ ಅಲ್ಲ. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಅದಕ್ಕೆ ಮೊದಲು ತರೀಕೆರೆ ತಾಲ್ಲೂಕಿಗೇ ಸೇರಿದ್ದರಿಂದ, ಪಹಣಿಗೂ ಕಂದಾಯಕ್ಕೂ ಆ ರಸ್ತೆಯಲ್ಲಿ ಓಡಾಡದವರು ಆ ಊರಿನಲ್ಲಿ ಕಡಿಮೆ. ಬೀರೂರಿನಲ್ಲಿ ರೈಲುಹಳಿ ಅಗಲಿಸಿದ ಎರಡು ಊರುಗಳನ್ನು ಬಸ್ಸಿನ ದಾರಿ ಮತ್ತೆ ಕೂಡಿಸುತ್ತದೆ. ಸುತ್ತು ಬಳಸು ನಿಜ. ಆದರೆ ತ್ರಿಕೋನದ ಮೂರನೆಯ ಬದಿ ಇದ್ದೇ ಇದೆ!

ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು. "ಹೋಗುವಾಗ ಬೀಗ ಹಾಕಿದ್ದು ನಾನೇ. ಅದನ್ನ ತೆಗೀಬೇಕಲ್ಲ ಅನ್ನೋದೇ ಯೋಚನೆ ಆಗಿದೆ ನೋಡು. ಇಷ್ಟು ವರ್ಷ ನಾನು ಎಲ್ಲಿಂದ ಬಂದ್ರೂ ಬಾಗಿಲು ತೆಗೀತಿದ್ದದ್ದು ಅವಳು."

ಮನೆ ತಲುಪಿದಾಗ ಆ ಬೀಗವೂ ಸುಲಭಕ್ಕೆ ಬಗ್ಗಲಿಲ್ಲ. ನಲವತ್ತು ದಿನಗಳ ದೂಳು ಕಚ್ಚಿಕೊಂಡಿತ್ತು. ಪಕ್ಕದ ಮನೆಯ ತಾಯಿ ಸದ್ದು ಕೇಳಿ ಹೊರಗೆ ಬಂದು, "ಬಂದ್ರಾ ಮೇಷ್ಟ್ರೇ? ನಾಳೆ ಬರ್ತೀರಿ ಅಂದ್ಕೊಂಡಿದ್ವಿ" ಎನ್ನುತ್ತ ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದರು. ಬೀಗಕ್ಕೆ ಎರಡು ತೊಟ್ಟು ಬಿಟ್ಟ ಮೇಲೆ ಬಾಗಿಲು ತೆರೆಯಿತು. ಗೋಡೆಯ ಕ್ಯಾಲೆಂಡರು ಏಪ್ರಿಲ್ ತಿಂಗಳಲ್ಲೇ ನಿಂತಿತ್ತು. ಯೇಸುವಿನ ಪವಿತ್ರ ಹೃದಯದ ಪಟದ ಮುಂದೆ ದೀಪ ಆರಿತ್ತು. ಬದಿಯಲ್ಲಿದ್ದ ಅವರ ಪತ್ನಿಯ ಭಾವಚಿತ್ರಕ್ಕೆ ಹಾಕಿದ್ದ ಮಲ್ಲಿಗೆ ಒಣಗಿ ಕಂದಾಗಿತ್ತು. ಮೇಷ್ಟರು ಮೊದಲು ಆ ಹಾರ ತೆಗೆದರು, ಆಮೇಲೆ ದೀಪ ಹಚ್ಚಿದರು. ಆ ತಾಯಿ ಯಾರೂ ಹೇಳದೆಯೇ ಜಗಲಿ ಗುಡಿಸಿ, ಒಂದು ಕೊಡ ನೀರು, ಒಂದು ಲೋಟ ಹಾಲು ತಂದಿಟ್ಟು, ರಾತ್ರಿಗೆ ಅಡಿಗೆ ಮಾಡಬೇಡಿರೆಂದು ಹೇಳಿ ಹೋದರು. ಕುಕ್ಕರಿನ ಪೆಟ್ಟಿಗೆ ಅಡಿಗೆಮನೆಯ ಕಟ್ಟೆಯ ಮೇಲೆ ಹಾಗೆಯೇ ಕುಳಿತಿತ್ತು.

ನಾನು ಹೊರಟಾಗ ಮೇಷ್ಟರೂ ಚಪ್ಪಲಿ ಮೆಟ್ಟಿಕೊಂಡರು. ಬೇಡವೆಂದರೂ ಕೇಳಲಿಲ್ಲ. ಬಸ್‌ ನಿಲ್ದಾಣದವರೆಗೆ ನನಗೆ ಜೊತೆಯಾಗಿ ಬಂದು, ಬಸ್ಸು ಹೊರಡುವವರೆಗೆ ನಿಂತಿದ್ದರು.

ಜೊತೆಗಾರನ ಕರ್ತವ್ಯ ಎಲ್ಲಿಗೆ ಮುಗಿಯುತ್ತದೆಂಬ ಪ್ರಶ್ನೆಗೆ ಪವಿತ್ರ ಗ್ರಂಥದಲ್ಲಿ ಒಂದು ಇಡೀ ಪುಸ್ತಕವೇ ಇದೆ. ಅದು ತೋಬಿತನ ಗ್ರಂಥ. ಪ್ರಾಟೆಸ್ಟಂಟ್ ಬಾಂಧವರ ಬೈಬಲ್ಲಿನಲ್ಲಿ ಇದು ಸೇರಿಲ್ಲ. ನಮ್ಮಲ್ಲಿಯೂ ಮದುವೆಯ ಪೂಜೆಯಲ್ಲಿ ಕೇಳುವ ಒಂದೆರಡು ಭಾಗಗಳನ್ನು ಬಿಟ್ಟರೆ ಇಡಿಯಾಗಿ ಓದಿದವರು ವಿರಳ. ನಿನೆವೆಯಲ್ಲಿ ಗಡೀಪಾರಾಗಿ ಬಾಳುತ್ತಿರುವ ಕುರುಡು ತಂದೆ ತೋಬಿತ, ಮೇದ್ಯ ದೇಶದಲ್ಲಿ ಒಬ್ಬನ ಬಳಿ ಇರಿಸಿದ್ದ ಹತ್ತು ತಲಾಂತು ಬೆಳ್ಳಿಯನ್ನು ತರಲು ಮಗ ತೋಬಿಯನನ್ನು ಕಳಿಸಬೇಕಾಗಿದೆ. ದಾರಿ ಬಲ್ಲ ಜೊತೆಗಾರನೊಬ್ಬ ಬೇಕು. ಮಗ ಒಬ್ಬನನ್ನು ಹುಡುಕಿ ತರುತ್ತಾನೆ. ಅವನು ದೇವದೂತ ರಫಾಯೇಲನೆಂಬುದು ಅವರಾರಿಗೂ ತಿಳಿಯದು. ಮುದುಕ ತೋಬಿತ ಮೊದಲು ಅವನ ಕುಲಗೋತ್ರ ವಿಚಾರಿಸುತ್ತಾನೆ. ಆಮೇಲೆ ದಿನವೊಂದಕ್ಕೆ ಒಂದು ದ್ರಕ್ಮ ಕೂಲಿ, ಊಟತಿಂಡಿಯ ಖರ್ಚು ಬೇರೆ, ಸುರಕ್ಷಿತವಾಗಿ ಹಿಂದಿರುಗಿದರೆ ಇನ್ನೂ ಸ್ವಲ್ಪ ಸೇರಿಸಿ ಕೊಡುವುದಾಗಿ ಮಾತು ಮುಗಿಸುತ್ತಾನೆ. ನಮ್ಮ ಚರ್ಚಿನ ಅಂಗಳದ ವಿಚಾರಣೆಗೂ ಕಾಫಿ ತಿಂಡಿಯ ಚಿಲ್ಲರೆಗೂ ಇದಕ್ಕೂ ಹೆಚ್ಚಿನ ಅಂತರವೇನಿದೆ? ದೇವದೂತನಿಗೇ ದಿನಗೂಲಿ ಗೊತ್ತುಮಾಡಿದ ಆ ಮುದುಕನನ್ನು ನೆನೆದರೆ ನಗು ಬರುತ್ತದೆ, ಮೆಚ್ಚುಗೆಯೂ ಆಗುತ್ತದೆ.

ಹೋಗುವ ದಾರಿಯ ಕಥೆ ಬಹಳಷ್ಟು ಜನರಿಗೆ ಗೊತ್ತು: ನದಿಯ ಮೀನು, ಎಕ್ಬತಾನದಲ್ಲಿ ಸಾರಾಳೊಂದಿಗೆ ಮದುವೆ, ಹದಿನಾಲ್ಕು ದಿನಗಳ ಔತಣ. ಅಳಿಯ ಔತಣದಲ್ಲಿ ಕುಳಿತಿರಬೇಕಾದ್ದರಿಂದ ಹಣ ತರಲು ಜೊತೆಗಾರನೇ ಮುಂದೆ ರಾಗೇಸಿಗೆ ಹೋಗಿಬರುತ್ತಾನೆ. ನನಗೆ ಮಾತ್ರ ಹೆಚ್ಚು ಹಿಡಿಸಿರುವುದು ಹಿಂದಿರುಗುವ ದಾರಿಯ ಭಾಗ. ಇತ್ತ ಮನೆಯಲ್ಲಿ ತೋಬಿತ ದಿನಗಳನ್ನು ಎಣಿಸುತ್ತಿದ್ದಾನೆ. ತಾಯಿ ಅನ್ನಾ ಮಗ ಸತ್ತೇಹೋದನೆಂದು ನಿಶ್ಚಯಿಸಿ, ಹಗಲೆಲ್ಲ ಅವನು ಹೋದ ದಾರಿಯನ್ನೇ ನೋಡುತ್ತ, ರಾತ್ರಿಯೆಲ್ಲ ಅಳುತ್ತ, ಊಟ ಬಿಟ್ಟಿದ್ದಾಳೆ. ಅತ್ತ ಹೊಸ ಸೊಸೆ, ಆಳುಕಾಳು, ದನಕರುಗಳ ಸಮೇತ ಅವರು ನಿಧಾನವಾಗಿ ಬರುತ್ತಿದ್ದಾರೆ. ನಿನೆವೆಯ ಎದುರಿಗಿರುವ ಕಾಸೆರಿನ್ ಎಂಬಲ್ಲಿಗೆ ಬಂದಾಗ ರಫಾಯೇಲ ಒಂದು ಸಲಹೆ ಕೊಡುತ್ತಾನೆ. ಉಳಿದವರು ಹಿಂದಿನಿಂದ ಬರಲಿ, ನಾವಿಬ್ಬರು ಮುಂದಾಗಿ ಹೋಗಿ ಮನೆಯನ್ನು ಅಣಿಗೊಳಿಸೋಣ ಎಂಬುದೇ ಆ ಸಲಹೆ. ಇಬ್ಬರೂ ಹೊರಡುತ್ತಾರೆ, ಅವರ ಹಿಂದೆ, ಹೊರಟಂದಿನಿಂದ ಜೊತೆ ಬಿಡದ ನಾಯಿ.

ಜೊತೆಗಾರನಿಗೆ ಊರು ಕಂಡಿದೆ. ಅಲ್ಲಿಯೇ ಕೈಬೀಸಿ ಹೋಗಬಹುದಿತ್ತು. ಹೋಗಲಿಲ್ಲ. ಮನೆಯ ಒಳಗಿನ ಕತ್ತಲೆ, ಅಂದರೆ ತಂದೆಯ ಕುರುಡು, ಕಳೆಯುವವರೆಗೆ ಜೊತೆಗಿದ್ದ. ತಾನು ಯಾರೆಂಬುದನ್ನು ತಿಳಿಸಿದ್ದು ಅದಕ್ಕೂ ಆಮೇಲೆ, ತಂದೆ ಮಕ್ಕಳು ಕೂಲಿಯ ಲೆಕ್ಕ ಹಾಕಿ ತಂದ ಸೊತ್ತಿನಲ್ಲಿ ಅರ್ಧವನ್ನೇ ಕೊಡಲು ಮುಂದಾದಾಗ. ದಾರಿಯುದ್ದಕ್ಕೂ ಅವನು ಬರಿಯ ದಾರಿಜೊತೆಗಾರ. ಧರ್ಮಸಭೆಯ ಪಂಚಾಂಗವನ್ನು 1969ರಲ್ಲಿ ಪರಿಷ್ಕರಿಸುವವರೆಗೆ ಅವನ ಹಬ್ಬ ಅಕ್ಟೋಬರ್ 24ಕ್ಕೆ ಬರುತ್ತಿತ್ತು. ಈಗ ಸೆಪ್ಟೆಂಬರ್ 29ರಂದು ಮಿಖಾಯೇಲ, ಗಬ್ರಿಯೇಲರೊಂದಿಗೆ ಕೂಡಿ ಆಚರಿಸುತ್ತೇವೆ. ಪಯಣಿಗರ ಪಾಲಕನೆಂದು ಅವನನ್ನು ಹೊರಡುವಾಗ ನೆನೆಯುವವರಿದ್ದಾರೆ. ಹಿಂದಿರುಗುವಾಗ ನೆನೆಯುವವರನ್ನು ನಾನು ಹೆಚ್ಚು ಕಂಡಿಲ್ಲ.

ಎಮ್ಮಾವಿನ ಪ್ರಸಂಗವೂ ಹಬ್ಬ ಮುಗಿಸಿ ಊರಿಗೆ ಮರಳುವವರದೇ. ದೂರ ಸುಮಾರು ಹನ್ನೊಂದು ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಕಡೂರಿನಿಂದ ಬೀರೂರಿಗೆ ನಡೆದು ಹೋಗಿ ಬಂದಷ್ಟು. ಮುಂದಕ್ಕೆ ಹೋಗುವವನಂತೆ ತೋರಿದ ಜೊತೆಗಾರನನ್ನು ಹೊತ್ತು ಮುಳುಗಿತೆಂದು ಒತ್ತಾಯಿಸಿ ಒಳಗೆ ಕರೆದದ್ದರಿಂದಲೇ ಆ ಇಬ್ಬರು ಅವನನ್ನು ಗುರುತಿಸಿದರು. ಜೊತೆಗಾರ ಬಾಗಿಲವರೆಗೆ ಬರಬೇಕೆಂಬುದು ಒಂದು; ಬಂದವನನ್ನು ಒಳಗೆ ಕರೆಯಬೇಕೆಂಬುದು ಇನ್ನೊಂದು.

ಇನ್ನು ಸ್ವಲ್ಪ ವ್ಯವಹಾರದ ಮಾತು. ಒಂಟಿಯಾಗಿ ಪಯಣಿಸಲಾಗದವರಿಗೆ ಜೊತೆಗಾರನ ಅಗತ್ಯವಿದೆಯೆಂದು ರೈಲ್ವೆ ಇಲಾಖೆಯೂ ಒಪ್ಪುತ್ತದೆ. ಅಂಧರು, ನೆರವಿಲ್ಲದೆ ಓಡಾಡಲಾಗದ ಅಂಗವಿಕಲರು, ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗಳು, ಇಂಥವರಿಗೆ ದೊರೆಯುವ ರಿಯಾಯಿತಿ ಅವರ ಜೊತೆಗೆ ಬರುವ ಒಬ್ಬರಿಗೂ ದೊರೆಯುತ್ತದೆ. ವೃದ್ಧಾಪ್ಯವೊಂದೇ ಕಾರಣವಾದರೆ ಆ ಸೌಲಭ್ಯವಿಲ್ಲ. ಪುರುಷರಿಗೆ ಶೇಕಡಾ 40, ಮಹಿಳೆಯರಿಗೆ ಶೇಕಡಾ 50ರಂತೆ ಇದ್ದ ಹಿರಿಯ ನಾಗರಿಕರ ರಿಯಾಯಿತಿಯೂ 2020ರ ಮಾರ್ಚ್ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿ, ನಿಂತಿತು. ಅದೇ ವರ್ಷ ರೈಲ್ವೆ ರಕ್ಷಣಾ ದಳದವರು ಒಂಟಿಯಾಗಿ ಪಯಣಿಸುವ ಮಹಿಳೆಯರಿಗಾಗಿ 'ಮೇರಿ ಸಹೇಲಿ' ಎಂಬ ವ್ಯವಸ್ಥೆ ಆರಂಭಿಸಿದರು; ಹೊರಡುವ ನಿಲ್ದಾಣದಲ್ಲಿ ಮಾತನಾಡಿಸಿ, ಇಳಿಯುವವರೆಗೆ ದಾರಿಯಲ್ಲಿ ವಿಚಾರಿಸಿಕೊಳ್ಳುವ ಉದ್ದೇಶ ಅದರದು. ಯಾವುದೇ ತೊಂದರೆಗೆ 139 ಸಂಖ್ಯೆಗೆ ಕರೆ ಮಾಡಬಹುದು. ಬಸ್ಸಿನ ವಿಷಯದಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯಿಂದ ನಮ್ಮ ಅಜ್ಜಿಯರು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆಯಿಲ್ಲದೆ ಓಡಾಡತೊಡಗಿದರು. ಅಜ್ಜನಿಗೆ ಅರವತ್ತು ತುಂಬಿದ್ದರೆ ಶೇಕಡಾ 25ರಷ್ಟು ರಿಯಾಯಿತಿಯಷ್ಟೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಈಗ ಜೊತೆ ಮಾಡಿ ಕಳಿಸುವ ಕೆಲಸಕ್ಕೆ ಅಜ್ಜಿಯೇ ನೇಮಕಗೊಂಡಿದ್ದಾರೆ! ಇದು ಹಾಸ್ಯಕ್ಕೆ ಹೇಳಿದ್ದಾದರೂ ನಿಜ. ಬೀರೂರಿನಲ್ಲಿ ಮೊಮ್ಮಗನನ್ನು ಕೈಹಿಡಿದು ಬಸ್ಸು ಬದಲಿಸುವ ಅರವತ್ತೈದರ ಹೆಂಗಸರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಗುಂಪಾಗಿ ಹೋಗುವ ಯಾತ್ರೆಗಳ ಬಗ್ಗೆಯೂ ಒಂದು ಮಾತು ಇಲ್ಲಿ ಸಲ್ಲುತ್ತದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ವೇಳಾಂಗಣ್ಣಿಗೆ ನಮ್ಮ ಕಡೆಯಿಂದ ಟೆಂಪೊ ಮಾಡಿಕೊಂಡು ಹೋಗುವವರು ಇದ್ದಾರೆ. ಐನೂರು ಕಿಲೋಮೀಟರಿಗೂ ಮೀರಿದ ದಾರಿ. ಹೋಗುವಾಗ ಜಪಸರ, ಕೀರ್ತನೆ, ಮಕ್ಕಳ ಗಲಾಟೆ. ಬರುವಾಗ ಎಲ್ಲರಿಗೂ ನಿದ್ದೆ, ಒಬ್ಬ ಚಾಲಕನನ್ನು ಬಿಟ್ಟು. ಎರಡು ರಾತ್ರಿ ನಿದ್ದೆಗೆಟ್ಟ ಆತನ ಪಕ್ಕದ ಆಸನದಲ್ಲಿ ಯಾರು ಕುಳಿತಿದ್ದಾರೆಂಬುದು ಇಡೀ ಗಾಡಿಯ ಪ್ರಾಣದ ಪ್ರಶ್ನೆ. ಆ ಆಸನಕ್ಕೆ ಸರದಿ ಗೊತ್ತುಮಾಡಿ, ಅರಸೀಕೆರೆಯವರೆಗೆ ಒಬ್ಬರು, ಅಲ್ಲಿಂದ ಮುಂದೆ ಒಬ್ಬರು ಎಚ್ಚರವಿದ್ದರೆ ಸಾಕು. ಜಪಸರವನ್ನು ಹಿಂದಿರುಗುವಾಗಲೂ ಗಟ್ಟಿಯಾಗಿ ಹೇಳಿದರೆ ಚಾಲಕ ಯಾವ ಮತದವನಾದರೂ ಎಚ್ಚರವಾಗಿರುತ್ತಾನೆ. ಕೆಮ್ಮಣ್ಣುಗುಂಡಿ, ಕಲ್ಹತ್ತಿಗಿರಿಗಳನ್ನು ನೋಡಿಕೊಂಡು ಭಾನುವಾರ ಸಂಜೆ ತರೀಕೆರೆ, ಕಡೂರುಗಳ ಮೂಲಕ ಬೆಂಗಳೂರಿಗೆ ಧಾವಿಸುವ ಕಾರುಗಳವರಿಗೂ ಇದು ಅನ್ವಯ. ಸೋಮವಾರದ ಕಚೇರಿಯ ಚಿಂತೆ ಚಾಲಕನ ಕಾಲನ್ನು ವೇಗವರ್ಧಕದ ಮೇಲೆ ಒತ್ತುತ್ತಿರುವಾಗ, ಅರಸೀಕೆರೆಯಲ್ಲಿ ಇಳಿದು ಟೀ ಕುಡಿಯೋಣವೆಂದು ಹೇಳಬಲ್ಲವನೇ ಒಳ್ಳೆಯ ಜೊತೆಗಾರ.

ಕೊನೆಗೆ ಆ ಕಾಸೆರಿನ್ನಿನ ಸಲಹೆಯ ವಿಷಯ. ಧರ್ಮಕೇಂದ್ರಗಳ ಬಡಾವಣೆ ಕೂಟಗಳಲ್ಲಿ ಯಾರ ಮನೆಯಲ್ಲಿ ಮದುವೆ, ಯಾರಿಗೆ ಕಾಯಿಲೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಯಾರ ಮನೆಗೆ ಬೀಗ ಬಿದ್ದಿದೆ, ಅದು ಯಾವತ್ತು ತೆರೆಯುತ್ತದೆ ಎಂಬುದನ್ನೂ ತಿಳಿದುಕೊಳ್ಳಲು ಕಷ್ಟವೇನಿಲ್ಲ. ಇದಕ್ಕೆ ಸಮಿತಿ ಬೇಡ, ನಿಧಿ ಬೇಡ. ಬೆಂಗಳೂರಿನ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ರೈಲಿಗೆ ಹತ್ತಿಸಿದ ಮೇಲೆ ಊರಿನ ನೆರೆಮನೆಗೂ ಒಂದು ಫೋನ್ ಮಾಡಲಿ. ಹೊರಡುವ ಮುನ್ನ ಒಂದು ಬೀಗದಕೈ ಅವರ ಬಳಿ ಉಳಿಯಲಿ. ಗಾಡಿ ಅರಸೀಕೆರೆ ಬಿಟ್ಟಿತೆಂಬ ಸುದ್ದಿ ಬಂದೊಡನೆ ನೆರೆಮನೆಯ ಹುಡುಗ ಹೋಗಿ ಬಾಗಿಲು, ಕಿಟಕಿ ತೆರೆದು, ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಒಲೆ ಹೊತ್ತಿಸಿದರೆ, ಹಿರಿಯರು ಬೀರೂರಿನಲ್ಲಿ ಇಳಿದು ಬಸ್ಸು ಹಿಡಿದು ಅಜ್ಜಂಪುರ ಮುಟ್ಟುವಷ್ಟರಲ್ಲಿ ಹಂಡೆಯ ನೀರು ಕಾದಿರುತ್ತದೆ.